ಸಾವಿಗೆ ಸೂತಕವಿಲ್ಲ

ನಮ್ಮ ಲಿಂಗಾಯತ ಮನೆಗಳಲ್ಲಿ ಸತ್ತವರನ್ನು ಕೂರಿಸಿಯೇ ಒಯ್ಯುತ್ತಾರೆ. ಧಾರವಾಡ ಸೀಮೆಯ ನಮ್ಮೂರಲ್ಲಿ ಅಜ್ಜಿ ಹೋದಾಗ ಮೈತೊಳೆದು, ಹಣೆ, ತೋಳುಗಳಿಗೆ ವಿಭೂತಿ ಬಳಿದು, ಗೋಡೆಗೆ ಆನಿಸಿ ಕೂರಿಸಿದರು. ರಾತ್ರಿಯಿಡೀ ಭಜನೆ. ಮರುದಿನ ಹೂವಿನ ವಿಮಾನದಲ್ಲಿ ಮೆರವಣಿಗೆ. ಹೊಲದ ಕುಣಿಯೊಳಗೂ ಕೂತ ಭಂಗಿಯೇ. ಎಡ ಅಂಗೈಯಲ್ಲಿ ಆಕೆ ದಿನವೂ ಪೂಜಿಸುತ್ತಿದ್ದ ಇಷ್ಟಲಿಂಗ. ಸುತ್ತ ವಿಭೂತಿ, ಬಿಲ್ವಪತ್ರೆ, ಮೇಲೆ ನಾವೆಲ್ಲ ಹಾಕಿದ ಹಿಡಿಮಣ್ಣು.

12ನೇ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ತಳ್ಳಿಹಾಕಿದರು. ಅವರ ತಿಳಿವಳಿಕೆಯಲ್ಲಿ ಶರಣರ ಜೀವ ಯಮನ ದಾರಿ ಹಿಡಿಯುವುದಿಲ್ಲ, ಲಿಂಗದಲ್ಲಿ ಬೆರೆಯುತ್ತದೆ. ಷಟ್‌ಸ್ಥಲವೆಂಬ ಆರು ಹಂತಗಳ ಸಾಧನೆಯ ಕೊನೆಯ ಮೆಟ್ಟಿಲಾದ ಐಕ್ಯವನ್ನು ಬದುಕಿರುವಾಗಲೇ ಏರಬೇಕು. ನನ್ನನ್ನು ಬಹುವಾಗಿ ಹಿಡಿದಿಟ್ಟಿರುವುದು ಇದೇ ಮಾತು: ಸಾವಿನಾಚೆಯ ಗತಿ ಇಲ್ಲಿಯ ಕಾಯಕ, ದಾಸೋಹಗಳಲ್ಲೇ ತೀರ್ಮಾನವಾಗುತ್ತದೆ, ಮಕ್ಕಳು ಇಡುವ ಪಿಂಡದಿಂದಲ್ಲ.

ಆದರೂ ಎಷ್ಟೋ ಮನೆಗಳಲ್ಲಿ ತಿಥಿ ನಡೆಯುತ್ತದೆ. ನಮ್ಮ ಬಳಗದವರೂ ಹಟ ಹಿಡಿದರು. “ಅವ್ವ ಲಿಂಗದಾಗ ಬೆರತಾಳ, ಎಡಿ ಯಾರಿಗೆ ಹಿಡೀತೀರಿ?” ಎಂದ ಅಪ್ಪ, ಅದೇ ದುಡ್ಡಿನಲ್ಲಿ ಊರ ಶಾಲೆಯ ಮಕ್ಕಳಿಗೆ ಹುಗ್ಗಿ ಊಟ ಹಾಕಿಸಿದ.