ಯಾರು ಯಾರಿಗೆ ದಾರಿ ಬಿಡಬೇಕು?

ಟೂತ್‌ಪೇಸ್ಟಿನ ಡಬ್ಬಿಯೊಂದು ಕಪಾಟಿನಿಂದ ಜಾರಿ ನೆಲಕ್ಕೆ ಬಿತ್ತೆನ್ನಿ. ಅಂಗಡಿಯಲ್ಲಾದರೆ ಹುಡುಗ ಬಗ್ಗಿ ಎತ್ತಿಡುತ್ತಾನೆ, ಅಲ್ಲಿಗೆ ಮುಗಿಯಿತು. ಅಮೆಜಾನಿನ ರೋಬೊ ಗೋದಾಮಿನಲ್ಲಿ ಹಾಗಲ್ಲ. ಅಲ್ಲಿ ಕಪಾಟುಗಳೇ ಓಡಾಡುತ್ತವೆ. ಮೊಣಕಾಲೆತ್ತರವೂ ಇಲ್ಲದ ಚಪ್ಪಟೆ ರೋಬೊ ಕಪಾಟಿನಡಿ ನುಸುಳಿ, ಅದನ್ನು ಒಂದಿಷ್ಟು ಮೇಲೆತ್ತಿ ಹೊತ್ತುಕೊಂಡು ಹೊರಡುತ್ತದೆ. ಇಂಥ ನೂರಾರು ರೋಬೊಗಳು ಸುತ್ತುವ ಅಂಗಳಕ್ಕೆ ಬೇಲಿಯಿದೆ. ಯಾರೆಂದರೆ ಅವರು ಒಳಗೆ ಹೋಗುವಂತಿಲ್ಲ. ಡಬ್ಬಿ ಎತ್ತಲು ಹೋಗುವವರು ಹಿಂದೆ ತಾವು ಕಾಲಿಡುವ ಚೌಕಗಳನ್ನು ಮೊದಲೇ ಕಂಪ್ಯೂಟರಿನಲ್ಲಿ ಮುಚ್ಚಿಸಬೇಕಿತ್ತು. ಈಗ ಸೊಂಟಕ್ಕೆ ಬೆಲ್ಟು, ಹೆಗಲಿಗೆ ಪಟ್ಟಿ ಇರುವ ವೆಸ್ಟ್ ಬಂದಿದೆ. ಅದರ ಸಂಕೇತ ಸಿಕ್ಕಿದ ರೋಬೊಗಳು ವೇಗ ಇಳಿಸಿ, ದೂರದಿಂದಲೇ ಬಳಸಿಕೊಂಡು ಹೋಗುತ್ತವೆ. ಒಂದು ಡಬ್ಬಿಗೆ ಇಷ್ಟು ಸಂಭ್ರಮ!

ಈ ಕಪಾಟು ಹೊರುವ ಉಪಾಯ ಹುಟ್ಟಿದ್ದು ಒಂದು ಸೋಲಿನಿಂದ. ಮನೆಮನೆಗೆ ದಿನಸಿ ತಲುಪಿಸುತ್ತೇವೆಂದು ಹೊರಟಿದ್ದ ಅಮೆರಿಕದ ವೆಬ್‌ವ್ಯಾನ್ 2001ರಲ್ಲಿ ದಿವಾಳಿಯಾಯಿತು. ಅಲ್ಲಿ ಕೆಲಸ ಮಾಡಿದ್ದ ಮಿಕ್ ಮೌಂಟ್ಜ್, ಸಾಮಾನಿನ ಬಳಿಗೆ ಮನುಷ್ಯ ನಡೆಯುವ ಬದಲು ಮನುಷ್ಯನ ಬಳಿಗೆ ಸಾಮಾನೇ ಬಂದರೆ ಹೇಗೆ ಎಂದು ಯೋಚಿಸಿದರು. 2003ರಲ್ಲಿ ಕೀವಾ ಸಿಸ್ಟಮ್ಸ್ ಶುರುವಾಯಿತು. ಪೀಟರ್ ವುರ್ಮನ್, ರಫೆಲ್ಲೊ ಡಿ'ಆಂಡ್ರಿಯಾ ಜೊತೆಗೂಡಿದರು. 2012ರಲ್ಲಿ ಅಮೆಜಾನ್ 77.5 ಕೋಟಿ ಡಾಲರ್ ಕೊಟ್ಟು ಇಡೀ ಕಂಪನಿಯನ್ನೇ ಕೊಂಡಿತು. 2025ರಲ್ಲಿ ತನ್ನ ರೋಬೊಗಳ ಸಂಖ್ಯೆ 10 ಲಕ್ಷ ಮುಟ್ಟಿತೆಂದು ಅದು ಹೇಳಿಕೊಂಡಿದೆ.

ಹತ್ತು ಲಕ್ಷ ಜಾಣರು ಎಂದುಕೊಳ್ಳಬೇಡಿ. ಕೀವಾ ಮಾದರಿಯ ರೋಬೊಗೆ ಗೊತ್ತಿರುವುದು ಬಲು ಕಡಿಮೆ. ಹೊಟ್ಟೆಯಡಿಯ ಕ್ಯಾಮೆರಾ ನೆಲಕ್ಕೆ ಅಂಟಿಸಿದ ಸ್ಟಿಕ್ಕರುಗಳನ್ನು ಓದುತ್ತದೆ. ಅದರಿಂದ ತಾನು ಯಾವ ಚೌಕದಲ್ಲಿದ್ದೇನೆಂದು ತಿಳಿಯುತ್ತದೆ. ಮುಂದಿನ ಚೌಕಗಳನ್ನು ಕಾದಿರಿಸಿಕೊಂಡೇ ಹೆಜ್ಜೆ ಇಡಬೇಕು, ಸಿಗದಿದ್ದರೆ ನಿಂತು ಕಾಯಬೇಕು. ನಿಜವಾದ ಜಾಣತನವೆಲ್ಲ ಯಾವ ಕಪಾಟನ್ನು ಯಾರ ಬಳಿಗೆ, ಯಾವ ದಾರಿಯಲ್ಲಿ ಕಳಿಸಬೇಕೆಂದು ತೀರ್ಮಾನಿಸುವ ತಂತ್ರಾಂಶದಲ್ಲಿದೆ. ಹೊರೆಯಿಲ್ಲದ ರೋಬೊ ನಿಂತ ಕಪಾಟುಗಳ ಅಡಿಯಲ್ಲೇ ನುಸುಳಿ ಅಡ್ಡದಾರಿ ಹಿಡಿಯಬಹುದು. ಹೊತ್ತದ್ದಕ್ಕೆ ಆ ಭಾಗ್ಯವಿಲ್ಲ, ಅದು ಓಣಿಯಲ್ಲೇ ಸಾಗಬೇಕು. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಕಪಾಟು ತನ್ನ ಹಳೆಯ ಜಾಗಕ್ಕೇ ಮರಳಬೇಕೆಂದಿಲ್ಲ, ಖಾಲಿ ಇದ್ದಲ್ಲಿ ಇಳಿಸಿದರಾಯಿತು. ಹೀಗೆ ಬೇಗ ಖರ್ಚಾಗುವ ಸಾಮಾನು ಮುಂದಕ್ಕೆ ಬರುತ್ತದೆ, ಯಾರೂ ಕೇಳದ್ದು ಮೂಲೆ ಸೇರುತ್ತದೆ. ಗೋದಾಮು ತನ್ನಷ್ಟಕ್ಕೇ ಓರಣಗೊಳ್ಳುತ್ತದೆ.

ಜಾತ್ರೆಯಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಆಟವೊಂದು ಸಿಗುತ್ತಿತ್ತು, ನೆನಪಿದೆಯೇ? 16 ಮನೆ, 15 ಅಂಕಿ, ಒಂದೇ ಒಂದು ಖಾಲಿ ಮನೆ. ಅಂಕಿಗಳನ್ನು ಸರಿಸಿ ಸರಿಸಿ ಸಾಲಾಗಿ ಕೂರಿಸಬೇಕು. ರೋಬೊ ದಂಡಿನ ಗಣಿತ ಇದೇ ಆಟದ ಅಣ್ಣ. ಎಲ್ಲರಿಗೂ ಅತ್ಯಂತ ಕಡಿಮೆ ನಡಿಗೆಯ ದಾರಿ ಹುಡುಕುವುದು, ಸಂಖ್ಯೆ ಹೆಚ್ಚಿದಂತೆ ದೊಡ್ಡ ಕಂಪ್ಯೂಟರುಗಳಿಗೂ ಎಟುಕದ ಲೆಕ್ಕವಾಗುತ್ತದೆ. ಹಾಗಾಗಿ ಎಲ್ಲರೂ 'ಪರವಾಗಿಲ್ಲ' ಎನ್ನುವಂಥ ದಾರಿಗೇ ಒಪ್ಪಿಕೊಂಡಿದ್ದಾರೆ. ಆಟದಲ್ಲಿದ್ದ ಹಾಗೆ ಇಲ್ಲೂ ಬೆಲೆ ಇರುವುದು ಖಾಲಿ ಮನೆಗೆ. ಕೆಲಸ ಬೇಗ ಆಗಲೆಂದು ರೋಬೊಗಳನ್ನು ಸುರಿಯುತ್ತಾ ಹೋದರೆ, ಒಂದು ಹಂತ ದಾಟಿದ ಮೇಲೆ ಕೆಲಸ ನಿಧಾನವಾಗುತ್ತದೆ. ವೃತ್ತದಲ್ಲಿ ನಾಲ್ಕು ರೋಬೊ, ಒಂದೊಂದೂ ತನ್ನ ಮುಂದಿನದು ಸರಿಯಲೆಂದು ಕಾಯುತ್ತಿದ್ದರೆ? ನಾಲ್ಕೂ ನಿಯಮ ಮುರಿದಿಲ್ಲ, ನಾಲ್ಕೂ ಅಲ್ಲಾಡುವುದಿಲ್ಲ. ನಮ್ಮಲ್ಲಾದರೆ ಒಬ್ಬ ಆಟೋದವರು ಇಳಿದು ಕೈ ಬೀಸಿ ಬಿಡಿಸುತ್ತಿದ್ದರು.

ಹಾಗೆ ಸಿಕ್ಕಿಕೊಳ್ಳುವುದಾದರೂ ಮೇಲು. ಬ್ರಿಟನ್ನಿನ ಒಕಾಡೊ ಕಂಪನಿಯ ದಿನಸಿ ಗೋದಾಮಿನಲ್ಲಿ ರೋಬೊಗಳು ಪೆಟ್ಟಿಗೆಗಳ ರಾಶಿಯ ನೆತ್ತಿಯ ಮೇಲೆ, ಹಳಿಗಳ ಚೌಕಟ್ಟಿನಲ್ಲಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡುತ್ತವೆ. ಒಂದಕ್ಕೊಂದು ತಾಗುವಷ್ಟು ಹತ್ತಿರದಲ್ಲಿ ಹಾಯುತ್ತವೆ. ಕೇಂದ್ರದ ಕಂಪ್ಯೂಟರು ಪ್ರತಿಯೊಂದನ್ನೂ ಸೆಕೆಂಡಿಗೆ 10 ಬಾರಿ ವಿಚಾರಿಸಿಕೊಳ್ಳುತ್ತದೆ. ಇಷ್ಟಾದರೂ 2021ರ ಜುಲೈಯಲ್ಲಿ ಲಂಡನ್ನಿನ ಎರಿತ್ ಗೋದಾಮಿನಲ್ಲಿ ಮೂರು ರೋಬೊ ಡಿಕ್ಕಿಯಾಗಿ ಬೆಂಕಿ ಹತ್ತಿತು. ನೂರಾರು ಕೆಲಸಗಾರರನ್ನು ಹೊರಗೆ ಕಳಿಸಬೇಕಾಯಿತು.

ಗೋದಾಮಿನ ರೋಬೊಗಳೆಲ್ಲ ಒಂದೇ ಮನೆಯವು, ಒಬ್ಬ ಯಜಮಾನನ ಮಾತು ಕೇಳುತ್ತವೆ. ಆಸ್ಪತ್ರೆಗೆ ಬನ್ನಿ. ಔಷಧಿ ಒಯ್ಯುವುದು ಒಂದು ಕಂಪನಿಯದು, ಊಟ ತರುವುದು ಇನ್ನೊಂದರದು, ನೆಲ ಒರೆಸುವುದು ಮತ್ತೊಂದರದು. ಮೂರೂ ಲಿಫ್ಟಿನ ಮುಂದೆ ಎದುರಾದರೆ ಮಾತಾಡಿಕೊಳ್ಳಲು ಒಂದು ಭಾಷೆಯೇ ಇಲ್ಲ. ಈ ಪೇಚಿಗೆಂದೇ ಸಿಂಗಪುರದಲ್ಲಿ, ಚಾಂಗಿ ಜನರಲ್ ಆಸ್ಪತ್ರೆಯ ರೋಬೊ ಕೇಂದ್ರದವರೂ ಸೇರಿ 2018ರ ಸುಮಾರಿಗೆ ಒಂದು ಮುಕ್ತ ತಂತ್ರಾಂಶ ಕಟ್ಟಲು ಹೊರಟರು. ಇಂದು ಅದರ ಹೆಸರು ಓಪನ್-ಆರ್‌ಎಂಎಫ್. ಬಾಗಿಲು, ಲಿಫ್ಟು, ರೋಬೊ ಎಲ್ಲವೂ ಇದರ ಮೂಲಕ ಮಾತಾಡುತ್ತವೆ. ದಾರಿ ಅಡ್ಡವಾದರೆ ದಂಡುಗಳ ನಡುವೆ ಚೌಕಾಸಿ ನಡೆಯುತ್ತದೆ. ಆದರೆ ಎಲ್ಲ ಕಂಪನಿಗಳೂ ಜುಟ್ಟು ಕೊಡುವುದಿಲ್ಲ. ಕೆಲವು ನೀವು ಹೇಳಿದ ದಾರಿಯಲ್ಲೇ ಹೋಗುತ್ತವೆ. ಕೆಲವು 'ನಿಲ್ಲು, ಹೊರಡು' ಎಂಬೆರಡು ಮಾತು ಮಾತ್ರ ಕೇಳುತ್ತವೆ. ಇನ್ನು ಕೆಲವು ತಾವೆಲ್ಲಿದ್ದೇವೆಂದು ತಿಳಿಸುತ್ತವಷ್ಟೇ, ಯಾರ ಮಾತೂ ಕೇಳುವುದಿಲ್ಲ. ಮದುವೆಮನೆಯಲ್ಲಿ ಗಂಡಿನ ಕಡೆಯ ಹಿರಿಯರಿದ್ದಂತೆ. ಅವರು ಬಂದರೆಂದರೆ ಉಳಿದವರೇ ಸರಿದು ನಿಲ್ಲಬೇಕು.

ಬೆಂಗಳೂರಿಗೂ ಈ ದಂಡು ಬಂದು ವರ್ಷಗಳಾದವು. 2019ರಲ್ಲಿ ಫ್ಲಿಪ್‌ಕಾರ್ಟ್ ನಗರದ ಹೊರವಲಯದಲ್ಲಿ 'ಸೌಖ್ಯ' ಎಂಬಲ್ಲಿರುವ ತನ್ನ ಕೇಂದ್ರದಲ್ಲಿ ನೂರಕ್ಕೂ ಹೆಚ್ಚು ಪುಟ್ಟ ರೋಬೊಗಳನ್ನು ಪಾರ್ಸೆಲ್ ವಿಂಗಡಿಸಲು ಇಳಿಸಿತು. ರೋಬೊ ಪಾರ್ಸೆಲ್ ಹೊತ್ತು ಓಡಿ, ಅದರ ಪಿನ್‌ಕೋಡಿಗೆ ಸೇರಿದ ಕಿಂಡಿಯಲ್ಲಿ ಸುರಿದು ಬರುತ್ತದೆ. ಅದರ ಮೇಲೆ ಪಾರ್ಸೆಲ್ ಇಡುವ ಕೈ ಮಾತ್ರ ಮನುಷ್ಯರದು.

ಆ ಕೈಯ ಕತೆಯನ್ನೂ ನೋಡಬೇಕು. ಅಮೆಜಾನ್ ಗೋದಾಮುಗಳ ಒಳದಾಖಲೆ ಪಡೆದ ಅಮೆರಿಕದ 'ರಿವೀಲ್' ಎಂಬ ತನಿಖಾ ಸುದ್ದಿಸಂಸ್ಥೆ, ರೋಬೊ ಇಲ್ಲದ ಕಡೆಗಿಂತ ಇರುವ ಕಡೆಯೇ ಗಂಭೀರ ಗಾಯಗಳ ಪ್ರಮಾಣ ಹೆಚ್ಚೆಂದು 2020ರಲ್ಲಿ ವರದಿ ಮಾಡಿತು. ರೋಬೊ ಬಂದು ಗುದ್ದಿದ್ದಲ್ಲ. ಕಂಪನಿ ಆ ಲೆಕ್ಕವನ್ನು ಒಪ್ಪಲಿಲ್ಲ. ಆದರೆ ಸಾಮಾನು ಆರಿಸುವ ಜಾಗವನ್ನು ಕಣ್ಣ ಮುಂದೆ ತಂದುಕೊಂಡರೆ ಅಚ್ಚರಿ ಎನಿಸುವುದಿಲ್ಲ. ಅಂಗಳದಲ್ಲಿ ರೋಬೊಗಳೆಲ್ಲ ಒಂದಕ್ಕೊಂದು ದಾರಿ ಬಿಟ್ಟು ಕಾಯುವುದು, ಈ ಕಟಕಟೆಯಲ್ಲಿ ನಿಂತ ಮನುಷ್ಯ ಕ್ಷಣವೂ ಕಾಯಬಾರದೆಂದು. ಹಿಂದಾದರೆ ಒಂದು ಕಪಾಟಿನಿಂದ ಇನ್ನೊಂದಕ್ಕೆ ನಡೆಯುವಾಗ ತೋಳಿಗೆ ಬಿಡುವಿರುತ್ತಿತ್ತು. ಈಗ ಯಾವ ಗೂಡಿಗೆ ಕೈ ಹಾಕಬೇಕೆಂದು ಬೆಳಕು ತೋರಿಸುತ್ತದೆ. ಬಗ್ಗಿ ತೆಗೆದು ಡಬ್ಬದಲ್ಲಿ ಹಾಕುವಷ್ಟರಲ್ಲಿ ಆ ಕಪಾಟು ಸರಿದಿರುತ್ತದೆ. ಸಾಲಿನಲ್ಲಿದ್ದ ಮುಂದಿನದು ಎದುರಿಗೆ ಬಂದು ನಿಂತಿರುತ್ತದೆ. ಅದರ ಹಿಂದೆ ಇನ್ನೂ ನಾಲ್ಕು.