ಬಣ್ಣದ ಕೆಳಗಣ ಮರ

ಪೀಠೋಪಕರಣಗಳ ಯಾವುದೇ ಅಂಗಡಿಯನ್ನು ಹೊಕ್ಕು ನೋಡಿದರೂ ಕಪಾಟು, ಬೀರು, ದೇವರ ಮಂಟಪಗಳೆಲ್ಲವೂ ಎರಡು ಮೂರು ಬಣ್ಣಗಳಲ್ಲಿಯೇ ಹೊಳೆಯುತ್ತ ನಿಂತಿರುತ್ತವೆ. ಹೊಂಗಂದು ಬಣ್ಣದ್ದನ್ನು ತೇಗವೆಂದೂ, ಕಡುಗೆಂಪು ಮಿಶ್ರಿತ ಕಪ್ಪಿನದನ್ನು ಬೀಟೆಯೆಂದೂ ಮಾರುವವನು ಹೇಳುತ್ತಾನೆ, ಕೊಳ್ಳುವವನು ನಂಬುತ್ತಾನೆ. ಆದರೆ ಆ ವರ್ಣವು ಕಾಡಿನಲ್ಲಿ ಹುಟ್ಟಿದುದೋ ಡಬ್ಬಿಯಿಂದ ಬಂದುದೋ ಎಂಬುದನ್ನು ವಿಚಾರಿಸುವವರು ವಿರಳ. ಹೀಗೆ ಬಣ್ಣದ ಮರೆಯಲ್ಲಿ ಅವಿತಿರುವ ಮರದ ಜಾತಿಯನ್ನು ನಿರ್ಣಯಿಸುವ ಶಾಸ್ತ್ರವೊಂದು ಉಂಟು; ಅದನ್ನು ಬಲ್ಲ ಸಂಸ್ಥೆಯೊಂದು ಬೆಂಗಳೂರಿನ ಮಲ್ಲೇಶ್ವರದಲ್ಲಿಯೇ ಇದೆ.

ಮರಕ್ಕೆ ಬಣ್ಣ ಕಟ್ಟುವುದು ತನ್ನಷ್ಟಕ್ಕೆ ಅಪರಾಧವೇನೂ ಅಲ್ಲ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ತೀಡಿ ಹೊಳಪು ತರುವ ಆಚಾರಿಯ ಕೈಚಳಕವನ್ನು ಕಂಡವರಾರೂ ಅದನ್ನು ಹೀಗಳೆಯಲಾರರು. ಒಂದೇ ಕಪಾಟಿನ ಹಲಗೆಗಳಲ್ಲಿ ಕೆಚ್ಚು ಒಂದು ಬಣ್ಣ, ಅದರ ಹೊರಗಿನ ಬಿಳಿಯ ಭಾಗ ಇನ್ನೊಂದು ಬಣ್ಣವಾಗಿರುವಾಗ ಅವನ್ನು ಸಮಗೊಳಿಸುವುದೂ ಅವನ ಕರ್ತವ್ಯವೇ ಸರಿ. ದೋಷವಿರುವುದು ಬಣ್ಣದಲ್ಲಲ್ಲ, ಆ ಬಣ್ಣವನ್ನೇ ಪ್ರಮಾಣವಾಗಿಟ್ಟುಕೊಂಡು ಬಿಲ್ಲಿನಲ್ಲಿ ಬರೆಯುವ ಹೆಸರಿನಲ್ಲಿ. ಹಾಗೆ ನೋಡಿದರೆ ಮರದ ಸಹಜವರ್ಣವೂ ನಂಬಿಕೆಗೆ ಅರ್ಹವಾದುದಲ್ಲ: ಹಲಸಿನ ಹಲಗೆ ಕೊಯ್ದಾಗ ಹಳದಿಯಾಗಿದ್ದು, ವರ್ಷಗಳು ಕಳೆದಂತೆ ತಾನೇ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ.

ಬಣ್ಣವು ಮುಚ್ಚಲಾರದ್ದು ಮರದ ರಚನೆಯನ್ನು. ಹಲಗೆಯ ಉದ್ದದ ಮೈಯಲ್ಲಿ ಕಾಣುವ ಅಲೆಗಳನ್ನು ನೋಡಿ ಜಾತಿ ಹೇಳುವುದು ಬಹುಮಟ್ಟಿಗೆ ಊಹೆಯ ಮಾತು. ನಿಜವು ತಿಳಿಯುವುದು ಅಡ್ಡಕೊಯ್ತದಲ್ಲಿ. ಆದುದರಿಂದ ಪರೀಕ್ಷಕನು ಕಪಾಟಿನ ಮುಂಭಾಗದ ಶೋಭೆಗೆ ಮರುಳಾಗದೆ, ಡ್ರಾಯರನ್ನು ಹೊರಗೆಳೆದು ಅದರ ಹಿಂಬದಿಯನ್ನೋ, ಕೀಲು ಕೂರಿಸಿದ ಕಚ್ಚನ್ನೋ, ಕಾಲಿನ ತಳವನ್ನೋ, ಒಟ್ಟಿನಲ್ಲಿ ಪಾಲಿಶ್ ಮಾಡುವವನ ಬಟ್ಟೆ ಮುಟ್ಟದ ಒಂದು ಮೂಲೆಯನ್ನು ಅರಸುತ್ತಾನೆ. ಅಲ್ಲಿ ಹೊಸ ಬ್ಲೇಡಿನಿಂದ ಉಗುರಿನಗಲದಷ್ಟನ್ನು ನುಣುಪಾಗಿ ಸವರಿ, ಒಂದು ಹನಿ ನೀರು ತಾಗಿಸಿ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯನ್ನು ಕಣ್ಣಿಗೆ ಹತ್ತಿರ ಹಿಡಿದರೆ, ಮರವು ಬದುಕಿದ್ದಾಗ ನೀರನ್ನೇರಿಸಿದ ನಾಳಗಳ ಬಾಯಿಗಳು ಸೂಕ್ಷ್ಮರಂಧ್ರಗಳಾಗಿ ತೋರುತ್ತವೆ.

ತೇಗದಲ್ಲಿ ಆ ರಂಧ್ರಗಳ ವಿನ್ಯಾಸವು ಒಮ್ಮೆ ನೋಡಿದವರಿಗೆ ಮರೆಯುವಂಥದಲ್ಲ. ಬೇಸಗೆಯಲ್ಲಿ ಎಲೆಯುದುರಿಸಿ ನಿಂತ ಮರವು ಚಿಗುರುವ ಕಾಲಕ್ಕೆ ದೊಡ್ಡ ನಾಳಗಳನ್ನು ನಿರ್ಮಿಸುತ್ತದೆ, ಋತು ಮುಂದುವರಿದಂತೆ ಸಣ್ಣವನ್ನು. ಆದಕಾರಣ ಬರಿಗಣ್ಣಿಗೂ ಕಾಣುವಷ್ಟು ದೊಡ್ಡ ರಂಧ್ರಗಳು ಪ್ರತಿ ವರ್ಷವಲಯದ ಆರಂಭದಲ್ಲಿ ಸಾಲುಗಟ್ಟುತ್ತವೆ, ಆ ಸಾಲನ್ನು ತೆಳುವರ್ಣದ ಮೃದುವಾದ ಅಂಗಾಂಶವೊಂದು ಸುತ್ತುವರಿದಿರುತ್ತದೆ. ಇದರೊಡನೆ ಬೆರಳಿಗೆ ತಾಗುವ ಎಣ್ಣೆಯ ಜಿಡ್ಡು, ಹೊಸದಾಗಿ ಸವರಿದಾಗ ಏಳುವ ಹಳೆಯ ಚರ್ಮದ ವಾಸನೆ ಸೇರಿದರೆ, ಅದು ದಾಂಡೇಲಿಯದಾಗಲಿ ಬರ್ಮಾದ್ದಾಗಲಿ, ತೇಗವೆನ್ನಲು ಅಡ್ಡಿಯಿಲ್ಲ. ತೇಗದ ಬಣ್ಣ ಹೊದ್ದು ಬರುವ ರಬ್ಬರ್ ಮರದಲ್ಲಾದರೋ ಇಂಥ ವಲಯವೇ ಇಲ್ಲ. ರಂಧ್ರಗಳು ಎಲ್ಲೆಡೆಯೂ ಚದುರಿ, ಎರಡು ಮೂರು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ, ನಡುವೆ ನವಿರಾದ ಅಡ್ಡಗೆರೆಗಳು ಹಾಯ್ದಿರುತ್ತವೆ. ಹಾಲು ಬತ್ತಿದ ಮೇಲೆ ಕಡಿದ, ಬೋರಾನ್ ಲವಣಗಳಿಂದ ಸಂಸ್ಕರಿಸಿದ ಆ ಬಿಳಿಚು ಮರವು ತನ್ನ ಹೆಸರಿನಲ್ಲಿಯೇ ಮಾರಾಟವಾದರೆ ಗೌರವಕ್ಕೆ ಪಾತ್ರವಾದುದೇ.

ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಯ ಆಸರೆಗೂ ಬೆಳೆಸಿದ ಸಿಲ್ವರ್ ಓಕ್ ಇನ್ನೂ ಸುಲಭವಾಗಿ ಸಿಕ್ಕಿಬೀಳುತ್ತದೆ. ಆಸ್ಟ್ರೇಲಿಯಾ ಮೂಲದ ಈ ಮರದ ಅಡ್ಡಕೊಯ್ತದಲ್ಲಿ, ತಿರುಳಿನ ಕಡೆಯಿಂದ ತೊಗಟೆಯತ್ತ ಹಾಯುವ ಅಂಗಾಂಶದ ಪಟ್ಟಿಗಳಾದ ಅಗಲವಾದ ಕಿರಣಗಳು ಕಂಬಗಳಾಗಿ ನಿಂತು, ಅವುಗಳ ನಡುವೆ ರಂಧ್ರಗಳ ಸಾಲುಗಳು ಬಾಗಿಲಿಗೆ ಕಟ್ಟಿದ ಮಾವಿನ ತೋರಣದಂತೆ ಬಾಗಿ ಜೋಲುತ್ತವೆ. ಎಷ್ಟು ದಟ್ಟವಾದ ಬಣ್ಣವನ್ನು ಬಳಿದರೂ ಆ ತೋರಣವು ಅಳಿಸಿಹೋಗುವುದಿಲ್ಲ. ಬೀಟೆಯ ಗುರುತು ಬೇರೊಂದು ಮುಖದಲ್ಲಿದೆ: ವಲಯಗಳಿಗೆ ಸಮಾಂತರವಾಗಿ ಸೀಳಿದ ಹಲಗೆಯ ಮೈಯಲ್ಲಿ, ಕಿರಣಗಳು ಅಂತಸ್ತು ಅಂತಸ್ತಾಗಿ ಜೋಡಣೆಗೊಂಡಿರುವುದರಿಂದ, ಅತಿ ಸೂಕ್ಷ್ಮವಾದ ಅಡ್ಡ ತೆರೆಗಳು ಕಾಣುತ್ತವೆ. ಹೊನ್ನೆಯಲ್ಲಿಯೂ ಈ ತೆರೆಗಳುಂಟು, ತೇಗದಲ್ಲಿಲ್ಲ. ಹೊನ್ನೆಯನ್ನು ಬೀಟೆಯಿಂದ ಬೇರ್ಪಡಿಸಲು ಅದರ ಕೆಚ್ಚಿನ ಚೂರುಗಳನ್ನು ನೀರಿನಲ್ಲಿ ನೆನೆಹಾಕಿ ಬಿಸಿಲಿಗೆ ಹಿಡಿದರಾಯಿತು, ನೀರಿನ ಅಂಚಿನಲ್ಲಿ ನೀಲಿಯ ಮಿನುಗೊಂದು ಮೂಡುತ್ತದೆ. ಮಧುಮೇಹಿಗಳು ನೀರು ಕುಡಿಯಲೆಂದು ಮಾರುವ ಮರದ ಲೋಟ ಇದೇ ಹೊನ್ನೆಯದು. ಆ ಚಿಕಿತ್ಸೆಯ ಗುಣಾವಗುಣ ಬೇರೆ ವಿಷಯ.

ಪೈನ್ ಮರದ ವಿಚಾರದಲ್ಲಿ ಬಣ್ಣವೇ ಸಾಕ್ಷಿ ನುಡಿಯುವುದೊಂದು ವಿನೋದ. ಅದರಲ್ಲಿ ನಾಳಗಳೇ ಇಲ್ಲ. ವಲಯದ ತಿಳಿಬಣ್ಣದ ಮೆದು ಭಾಗವು ಬಣ್ಣವನ್ನು ಹೆಚ್ಚು ಹೀರಿ ಕಪ್ಪಾಗುತ್ತದೆ, ಸಹಜವಾಗಿ ಗಾಢವಾಗಿದ್ದ ಗಟ್ಟಿ ಭಾಗವು ಹೀರದೆ ತಿಳಿಯಾಗಿಯೇ ಉಳಿಯುತ್ತದೆ, ಹೀಗೆ ಮರದ ಚಿತ್ರವೇ ತಲೆಕೆಳಗಾಗುತ್ತದೆ. ಪ್ಲೈವುಡ್ಡಿನ ಮೇಲೆ ತೆಳುಪದರ ಅಂಟಿಸಿದ ಕಪಾಟುಗಳಲ್ಲಿ ಮಾತ್ರ ಎಚ್ಚರಿಕೆ ಬೇಕು: ಅಲ್ಲಿ ಹೊರಗಿನದು ನಿಜವಾಗಿಯೂ ತೇಗವಾಗಿದ್ದು, ಒಳಗಿನದು ಮತ್ತಾವುದೋ ಮರವಾಗಿರುತ್ತದೆ.

ಕಣ್ಣು ಮತ್ತು ಭೂತಗನ್ನಡಿಗಳ ಅಧಿಕಾರ ಇಲ್ಲಿಗೆ ಮುಗಿಯುತ್ತದೆ. ಮುಂದಿನದು ಪ್ರಯೋಗಶಾಲೆಯ ಕೆಲಸ. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಅರಣ್ಯ ಸಂಶೋಧನಾ ಪ್ರಯೋಗಶಾಲೆಯಾಗಿ ಆರಂಭಗೊಂಡು, 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೆಂಬ ಹೆಸರನ್ನು ಪಡೆದ ಮಲ್ಲೇಶ್ವರದ ಆ ವಿದ್ಯಾಸ್ಥಾನದಲ್ಲಿ, ಜಾತಿ ನಿಶ್ಚಿತವಾದ ಮರದ ತುಂಡುಗಳ ಸಂಗ್ರಹಾಲಯವೊಂದನ್ನು ಕಾಪಾಡಿಕೊಂಡು ಬಂದಿದ್ದಾರೆ. ತಂದೊಪ್ಪಿಸಿದ ಮಾದರಿಯನ್ನು ನೀರಿನಲ್ಲಿ ಕುದಿಸಿ ಮೆತ್ತಗಾಗಿಸಿ, ಯಂತ್ರದ ಅಲಗಿನಿಂದ ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ತೆಳ್ಳಗೆ ಮೂರು ದಿಕ್ಕಿನಲ್ಲಿ ಸೀಳಿ, ಸ್ಯಾಫ್ರನಿನ್ ಎಂಬ ಕೆಂಪು ವರ್ಣದ್ರವ್ಯವನ್ನು ಲೇಪಿಸಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಮರೆಮಾಚಲು ಆಚಾರಿಯು ಬಳಿಯುವ ಬಣ್ಣವನ್ನು ವಿಜ್ಞಾನಿಯು ಬಯಲಿಗೆಳೆಯಲು ಬಳಿಯುತ್ತಾನೆ. ಆ ಬಳಿಕ ಪ್ರಮಾಣೀಕೃತ ಮಾದರಿಗಳೊಡನೆಯೂ, ಪಿಯರ್ಸನ್ ಮತ್ತು ಬ್ರೌನ್ 1932ರಲ್ಲಿ ಪ್ರಕಟಿಸಿದ, ಭಾರತದ ವಾಣಿಜ್ಯ ಮರಗಳನ್ನು ಕುರಿತ ಎರಡು ಸಂಪುಟಗಳಂಥ ಆಕರಗಳೊಡನೆಯೂ ತುಲನೆಮಾಡಿ ತೀರ್ಪು ಕೊಡುತ್ತಾರೆ. ಈ ಶಾಸ್ತ್ರಕ್ಕೂ ಮಿತಿಯುಂಟು; ಅನೇಕ ವೇಳೆ ಕುಲದವರೆಗೆ ಖಚಿತವಾಗಿ ಹೇಳಿ, ಪ್ರಭೇದದ ಬಳಿ ನಿಂತುಬಿಡಬೇಕಾಗುತ್ತದೆ. ಆದರೂ ಕಳ್ಳಸಾಗಣೆಯ ಮೊಕದ್ದಮೆಗಳಲ್ಲಿ ಇಂಥ ವರದಿಗೆ ಮಹತ್ತ್ವವಿದೆ; ಬೀಟೆ ಸೇರಿದ ಡಾಲ್ಬರ್ಜಿಯಾ ಕುಲವಿಡೀ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಟ್ಟಿರುವುದರಿಂದ ಆ ಮಹತ್ತ್ವವು ಇನ್ನಷ್ಟು ಹೆಚ್ಚಿದೆ.

ಮನೆಗೆ ಕಪಾಟು ಮಾಡಿಸುವವರು ಇಷ್ಟು ದೂರ ಹೋಗಬೇಕಾದ ಪ್ರಸಂಗ ಅಪರೂಪ. ಮರದ ಹೆಸರನ್ನು ಬಿಲ್ಲಿನಲ್ಲಿ ಸ್ಪಷ್ಟವಾಗಿ ಬರೆಯಿಸಿಕೊಳ್ಳಿರಿ; ಕೆಲಸ ಮುಗಿದು ಹಣ ಸಂದಾಯವಾಗುವವರೆಗೆ ಒಂದು ಹಲಗೆಯ ಅಡ್ಡಕೊಯ್ತಕ್ಕೆ ಬಣ್ಣ ಮುಟ್ಟಿಸಬೇಡವೆಂದು ಆಚಾರಿಗೆ ಮೊದಲೇ ಹೇಳಿರಿ. ಅದಕ್ಕೂ ಒಪ್ಪದವನಿಗೆ ಮುಂಗಡ ಕೊಡದಿರುವುದು ಲೇಸು.