ಆಡಿ ಎ4 ಅವಾಂಟ್: ಎಣ್ಣೆಯೇ ಕ್ಲಚ್ಚಾದ ಬಗೆ
ಜರ್ಮನಿಯ ಆಡಿ ಸಂಸ್ಥೆಯು 1990ರ ದಶಕದ ನಡುವಿನಲ್ಲಿ ಹೊರತಂದ ಮೊದಲ ತಲೆಮಾರಿನ ಎ4 ಅವಾಂಟ್ ಒಂದು ಎಸ್ಟೇಟ್ ಕಾರು, ಅಂದರೆ ಚಾವಣಿಯು ಹಿಂಬಾಗಿಲಿನವರೆಗೂ ಚಾಚಿ, ಸಾಮಾನಿನ ಜಾಗವು ಪ್ರಯಾಣಿಕರ ಕೋಣೆಯೊಡನೆ ಒಂದಾಗಿರುವ ಕಾರು. ಇದರ ನಿಜವಾದ ಸೊಗಸು ಇರುವುದು ಐದು ಗೇರುಗಳ ಟಿಪ್‌ಟ್ರಾನಿಕ್ ಎಂಬ ಸ್ವಯಂಚಾಲಿತ ಗೇರ್‌ಬಾಕ್ಸಿನಲ್ಲಿ. ಇಲ್ಲಿ ಕ್ಲಚ್ ಪೆಡಲಿನ ಬದಲು ಟಾರ್ಕ್ ಕನ್ವರ್ಟರ್ ಇದ್ದು, ಅದರಲ್ಲಿ ಎಂಜಿನ್ನಿಗೆ ಜೋಡಿಸಿದ ಚಕ್ರವು ಎಣ್ಣೆಯನ್ನು ಚಿಮ್ಮಿಸಿ, ಆ ಎಣ್ಣೆಯ ರಭಸವೇ ಎದುರಿನ ಚಕ್ರವನ್ನು ತಿರುಗಿಸುವುದರಿಂದ, ಗೇರಿನಲ್ಲಿರುವಾಗ ಕಾರು ನಿಂತರೂ ಎಂಜಿನ್ ಆರುವುದಿಲ್ಲ. ಪೋರ್ಷೆ ಕಾರಿನಲ್ಲಿ ಮೊದಲು ಬಂದ ಟಿಪ್‌ಟ್ರಾನಿಕ್, ಗೇರ್ ಲಿವರನ್ನು ಪಕ್ಕಕ್ಕೆ ಸರಿಸಿ ಗೇರನ್ನು ತಾನೇ ಆರಿಸುವ ಅವಕಾಶವನ್ನೂ ಚಾಲಕನಿಗೆ ಕೊಟ್ಟಿತು. ಸಾಮಾನು ತುಂಬಿಕೊಂಡು ಆಲ್ಪ್ಸ್ ಪರ್ವತದ ದಾರಿ ಇಳಿಯುವಾಗ, ಕೆಳಗಿನ ಗೇರನ್ನು ಹಿಡಿದಿಟ್ಟು ಬ್ರೇಕುಗಳು ವಿಪರೀತ ಕಾಯದಂತೆ ನೋಡಿಕೊಳ್ಳಲು ಇದು ಬಹಳ ಉಪಯುಕ್ತ. ಈ ಗೇರ್‌ಬಾಕ್ಸ್ ಎಣ್ಣೆಯನ್ನೇ ನಂಬಿರುವುದರಿಂದ, ಇಂದು ಹಳೆಯ ಅವಾಂಟ್ ಕೊಳ್ಳುವವರು ಬಣ್ಣಕ್ಕಿಂತ ಮೊದಲು ಗೇರ್‌ಬಾಕ್ಸಿನ ಎಣ್ಣೆಯನ್ನು ಪರೀಕ್ಷಿಸಬೇಕು.